ಠಕ್ಕ ಎಂಬ ಪದ: ಅರ್ಥ, ಹುಟ್ಟು, ಸುತ್ತಾಟ (ಪದೇ ಪದೇ ಕೇಳುವ ಪ್ರಶ್ನೆಗಳು)

ಮೋಸಕ್ಕೆ ಕನ್ನಡದಲ್ಲಿ ಪದಗಳ ಬರವಿಲ್ಲ. ವಂಚನೆ, ಕಪಟ, ದಗಾ, ಕಣ್ಕಟ್ಟು, ಬೂಟಾಟಿಕೆ ಎಲ್ಲ ಇವೆ. ಸಾಲದ್ದಕ್ಕೆ ಟೋಪಿ ಹಾಕುತ್ತೇವೆ, ನಾಮ ಎಳೆಯುತ್ತೇವೆ, ಮಂಕುಬೂದಿ ಎರಚುತ್ತೇವೆ, ಚಳ್ಳೆಹಣ್ಣು ತಿನ್ನಿಸುತ್ತೇವೆ. ಇವುಗಳ ನಡುವೆ ಎರಡೇ ಅಕ್ಷರದ ‘ಠಕ್ಕ’ ಸುತ್ತಿದಷ್ಟು ದೇಶವನ್ನು ಬೇರೆ ಯಾವುದೂ ಸುತ್ತಿದಂತಿಲ್ಲ. ಸಂಸ್ಕೃತದಲ್ಲಿ ಹುಟ್ಟಿ, ಪ್ರಾಕೃತದಲ್ಲಿ ರೂಪ ಬದಲಿಸಿ ಕನ್ನಡಕ್ಕೆ ಬಂದ ಈ ಪದದ ಒಡಹುಟ್ಟು ಹಿಂದಿಯ ಮೂಲಕ ಲಂಡನ್ ಸೇರಿ, ಅಲ್ಲಿ ಅರ್ಥವನ್ನೇ ಬದಲಿಸಿಕೊಂಡು ‘ಥಗ್’ ಆಗಿ ನಮ್ಮ ಪತ್ರಿಕೆಗಳಿಗೆ ಮರಳಿದೆ. ಇಂಗ್ಲಿಷ್ ಕಳೆದುಕೊಂಡ ಅರ್ಥವನ್ನು ಕನ್ನಡ ಇನ್ನೂ ಕಾಪಾಡಿಕೊಂಡಿದೆ. ಅದು ಕೆಡಬಾರದು ಎಂಬ ಕಾಳಜಿಯಿಂದಲೇ ಈ ಪ್ರಶ್ನೋತ್ತರ.

ಠಕ್ಕ ಎಂದರೆ ಯಾರು?

ನಂಬಿಸಿ ಕೆಡಿಸುವವನು. ‘ಮೋಸಗಾರ’ ಎಂದಷ್ಟೇ ಹೇಳಿದರೆ ಅರ್ಥ ಪೂರ್ತಿ ಬರುವುದಿಲ್ಲ. ಠಕ್ಕ ಮೊದಲು ವಿಶ್ವಾಸ ಗಳಿಸುತ್ತಾನೆ, ತನ್ನ ಉದ್ದೇಶವನ್ನು ನಯದ ಮಾತಿನಲ್ಲಿ ಮುಚ್ಚುತ್ತಾನೆ, ಆಮೇಲೆ ಎದುರಿನವನ ಕೈಯಿಂದಲೇ ಕೆಲಸ ಮಾಡಿಸಿಕೊಳ್ಳುತ್ತಾನೆ.

ಮಕ್ಕಳ ಕಥೆಗಳಲ್ಲಿ ನರಿಗೆ ‘ಠಕ್ಕ ನರಿ’ ಎಂಬ ಹೆಸರು ಅಂಟಿರುವುದು ಇದಕ್ಕೇ. ಕಾಗೆಯ ಕಥೆಯನ್ನು ನೆನಪಿಸಿಕೊಳ್ಳಿ. ಕಾಗೆ ಮರದ ಮೇಲಿದೆ, ಕೊಕ್ಕಿನಲ್ಲಿ ತಿಂಡಿಯ ಚೂರಿದೆ. ನರಿಗೆ ಮರ ಹತ್ತಲು ಬಾರದು, ಕಸಿದುಕೊಳ್ಳುವಂತಿಲ್ಲ. ಅದು ತಿಂಡಿಯ ಮಾತನ್ನೇ ಎತ್ತುವುದಿಲ್ಲ. ಕಾಗೆಯ ದನಿಯನ್ನು ಹೊಗಳುತ್ತದೆ, ಒಂದು ಹಾಡು ಹೇಳು ಎಂದು ಬೇಡುತ್ತದೆ. ಕೊಕ್ಕು ತೆರೆದದ್ದು ಕಾಗೆಯೇ. ನರಿ ಮುಟ್ಟಲೂ ಇಲ್ಲ. ಬಲ ಪ್ರಯೋಗವಿಲ್ಲದೆ, ಮೋಸ ಹೋಗುವವನ ಒಪ್ಪಿಗೆಯಿಂದಲೇ ನಡೆಯುವ ಈ ಕೆಲಸಕ್ಕೆ ಠಕ್ಕತನ ಎಂದು ಹೆಸರು.

ಕಳ್ಳ, ವಂಚಕ, ಧೂರ್ತ, ಖದೀಮ ಇವರೆಲ್ಲ ಠಕ್ಕರೇ ಅಲ್ಲವೇ?

ಅಲ್ಲ. ಕಳ್ಳ ನೀವು ನೋಡದಿರುವಾಗ ಬರುತ್ತಾನೆ. ಠಕ್ಕ ನೀವು ನೋಡುತ್ತಿರುವಾಗಲೇ, ನಗುತ್ತ ಬರುತ್ತಾನೆ. ದರೋಡೆಕೋರ ಹೆದರಿಸುತ್ತಾನೆ, ಠಕ್ಕನಿಗೆ ನಿಮ್ಮ ಹೆದರಿಕೆಗಿಂತ ನಿಮ್ಮ ನಂಬಿಕೆ ಬೇಕು.

ವಂಚಕ ಹತ್ತಿರದ ಪದ. ಸಂಸ್ಕೃತದಲ್ಲಿ ‘ವಂಚ್’ ಧಾತುವಿಗೆ ಸೊಟ್ಟಗೆ ನಡೆ, ಓರೆಯಾಗಿ ಹೋಗು ಎಂಬರ್ಥವಿತ್ತು. ನೇರ ದಾರಿಯಲ್ಲಿ ಹೋಗದವನೇ ವಂಚಕ. ಧೂರ್ತ ಎಂದರೆ ಕುಟಿಲ ಮನುಷ್ಯ ಮಾತ್ರವಲ್ಲ, ಜೂಜುಗಾರ ಎಂಬ ಅರ್ಥವೂ ಸಂಸ್ಕೃತದಲ್ಲಿದೆ. ಜೂಜಿಗೂ ಮೋಸಕ್ಕೂ ಹಳೆಯ ನಂಟು: ‘ಕಿತವ’ ಎಂದರೆ ಜೂಜುಗಾರ, ಅವನ ಗುಣವೇ ‘ಕೈತವ’, ಅಂದರೆ ಕಪಟ. ದಗಾ ಮತ್ತು ದಗಲ್ಬಾಜಿ ಪಾರಸಿಯಿಂದ ಬಂದವು. ಖದೀಮ ಅರಬ್ಬಿಯ ‘ಕದೀಮ್’, ಹಾಗೆಂದರೆ ಹಳೆಯದು. ‘ಖದೀಮ ಕಳ್ಳ’ ಎಂದರೆ ಪಳಗಿದ, ಹಳೆಯ ಕಳ್ಳ. ಅಪರಾಧ ಸುದ್ದಿಗಳಲ್ಲಿ ಈಗ ಕಳ್ಳ ಬಿಟ್ಟುಹೋಗಿ ಖದೀಮನೊಬ್ಬನೇ ಉಳಿದಿದ್ದಾನೆ.

ಠಕ್ಕ ಪದದ ಮೂಲ ಯಾವುದು?

ಸಂಸ್ಕೃತದ ‘ಸ್ಥಗ್’ ಧಾತು. ಮುಚ್ಚು, ಮರೆಮಾಡು, ಹೊದಿಸು ಎಂದು ಅದರ ಅರ್ಥ. ಅದರಿಂದ ‘ಸ್ಥಗ’ ಎಂಬ ನಾಮಪದ ಬಂತು: ಕಪಟಿ, ಒಳಗಿನದನ್ನು ಮರೆಮಾಚುವವನು. ಪ್ರಾಕೃತದಲ್ಲಿ ಇದು ‘ಠಗ’ ಆಯಿತು. ಆ ಕಡೆಯಿಂದಲೇ ಹಿಂದಿಯ ‘ಠಗ್’, ಮರಾಠಿಯ ‘ಠಕ್’, ಕನ್ನಡದ ‘ಠಕ್ಕ’ ಎಲ್ಲವೂ ಬಂದವು. ಪಾಲಿ ಭಾಷೆಯಲ್ಲಿ ಇದೇ ಧಾತುವಿನ ‘ಥಕೇತಿ’ ಎಂಬ ಕ್ರಿಯಾಪದ ಮುಚ್ಚುತ್ತಾನೆ ಎಂಬ ಮೊದಲಿನ ಅರ್ಥದಲ್ಲೇ ಬಳಕೆಯಲ್ಲಿತ್ತು.

ಅಂದರೆ ಈ ಪದದ ಬೇರಿನಲ್ಲಿ ಹಿಂಸೆಯಿಲ್ಲ, ಕದಿಯುವುದೂ ಇಲ್ಲ. ಇರುವುದು ಮುಚ್ಚುವುದು ಮಾತ್ರ.

‘ಸ್ಥ’ ಹೇಗೆ ‘ಠ’ ಆಯಿತು?

ಪ್ರಾಕೃತದಲ್ಲಿ ಇದು ಅಪರೂಪದ ಬದಲಾವಣೆಯಲ್ಲ. ಸಂಸ್ಕೃತದ ‘ಸ್ಥಾನ’ ಪ್ರಾಕೃತದಲ್ಲಿ ‘ಠಾಣ’ ಆಗಿದೆ. ನಾವು ದಿನವೂ ಬಳಸುವ ಪೊಲೀಸ್ ಠಾಣೆಯ ‘ಠಾಣೆ’ ಬಂದದ್ದು ಇದರಿಂದಲೇ. ಠಕ್ಕನೂ, ಅವನನ್ನು ಕೂಡಿಹಾಕುವ ಠಾಣೆಯೂ ಒಂದೇ ಧ್ವನಿ ನಿಯಮದ ಮಕ್ಕಳು.

‘ಸ್ಥಗಿತ’ಕ್ಕೂ ‘ಠಕ್ಕ’ನಿಗೂ ಸಂಬಂಧವಿದೆಯೇ?

ಇದೆ. ಎರಡಕ್ಕೂ ಧಾತು ಒಂದೇ. ಸಂಸ್ಕೃತದಲ್ಲಿ ‘ಸ್ಥಗಿತ’ ಎಂದರೆ ಮುಚ್ಚಿದ್ದು, ಮರೆಯಾದದ್ದು. ಮುಚ್ಚಿದ ಬಾಗಿಲಿಗೂ ಹೀಗೆ ಹೇಳುತ್ತಿದ್ದರು. ಬಾಗಿಲು ಮುಚ್ಚಿದರೆ ಒಳಗಿನ ವ್ಯವಹಾರ ನಿಲ್ಲುತ್ತದೆ, ಹಾಗಾಗಿ ನಿಂತುಹೋದದ್ದು ಎಂಬ ಅರ್ಥವೂ ಸೇರಿತು. ಕನ್ನಡಕ್ಕೆ ಉಳಿದದ್ದು ಈ ಕೊನೆಯ ಅರ್ಥ. ‘ಕಾಮಗಾರಿ ಸ್ಥಗಿತ’ ಎಂಬ ಶೀರ್ಷಿಕೆ ಓದುವಾಗ ಅದರೊಳಗೆ ಠಕ್ಕನ ಅಣ್ಣನೊಬ್ಬ ಕುಳಿತಿದ್ದಾನೆಂದು ಯಾರಿಗೂ ಹೊಳೆಯುವುದಿಲ್ಲ.

‘ಟಕ್ಕ’ ಸರಿಯೋ, ‘ಠಕ್ಕ’ ಸರಿಯೋ?

ಹಳೆಯ ಕಾವ್ಯಗಳಲ್ಲಿ ಎರಡೂ ಸಿಗುತ್ತವೆ. ಆಡುಮಾತಿನಲ್ಲಿ ಮಹಾಪ್ರಾಣ ಸಡಿಲವಾಗುವುದರಿಂದ ‘ಟಕ್ಕ’, ‘ಟಕ್ಕು’ ರೂಪಗಳು ಸಹಜವಾಗಿ ಬಂದಿವೆ. ಇಂದಿನ ಮುದ್ರಣದಲ್ಲಿ ‘ಠಕ್ಕ’ ನೆಲೆಗೊಂಡಿದೆ, ಅದನ್ನೇ ಬಳಸಿ. ಗುಣಕ್ಕೆ ಠಕ್ಕತನ ಅಥವಾ ಠಕ್ಕು, ಹೆಣ್ಣಾದರೆ ಠಕ್ಕಿ.

ಠಾಕೂರ್ ಎಂಬ ಹೆಸರಿಗೂ ಇದಕ್ಕೂ ನಂಟಿದೆಯೇ?

ಇಲ್ಲ. ಅದು ಒಡೆಯ, ದೇವರು ಎಂಬರ್ಥದ ‘ಠಕ್ಕುರ’ದಿಂದ ಬಂದದ್ದು. ಕೇಳಲು ಒಂದೇ ಬಗೆ, ಅಷ್ಟೇ.

ಬೇರೆ ಭಾರತೀಯ ಭಾಷೆಗಳಲ್ಲಿ ಈ ಪದಕ್ಕೆ ಏನರ್ಥ?

ಬಹುತೇಕ ಎಲ್ಲ ಕಡೆಯೂ ಮೋಸವೇ. ಮರಾಠಿಯಲ್ಲಿ ‘ಠಕವಣೆ’ ಎಂದರೆ ಮೋಸ ಮಾಡುವುದು. ‘ಠಕಾಸ ಮಹಾಠಕ’ ಎಂಬ ಗಾದೆ ಠಕ್ಕನಿಗೆ ಅವನ ಅಪ್ಪನಂಥ ಠಕ್ಕ ಸಿಕ್ಕಾಗ ಬಳಕೆಗೆ ಬರುತ್ತದೆ. ಬಂಗಾಳಿಯಲ್ಲಿ ‘ಠಕಾನೊ’ ಎಂದರೆ ವಂಚಿಸುವುದು. ತೆಲುಗಿನ ‘ಟಕ್ಕರಿ’ ನಮ್ಮ ಠಕ್ಕನೇ. ಹಿಂದಿಯಲ್ಲಿ ತರಕಾರಿ ಅಂಗಡಿಯವನು ಹೆಚ್ಚು ಬೆಲೆ ಹೇಳಿದರೂ ‘ಠಗ್ ಲಿಯಾ’ ಎನ್ನುತ್ತಾರೆ. ಕಬೀರರ ಪದವೊಂದರಲ್ಲಿ ಮಾಯೆಗೇ ‘ಮಹಾ ಠಗಿನಿ’ ಎಂಬ ಹೆಸರಿದೆ. ಅಲ್ಲಿ ಮಾಯೆ ಯಾರ ಕುತ್ತಿಗೆಯನ್ನೂ ಹಿಸುಕುವುದಿಲ್ಲ, ನಿಜವನ್ನು ಮರೆಮಾಡುತ್ತಾಳೆ. ಧಾತುವಿನ ಅರ್ಥಕ್ಕೆ ಇಷ್ಟು ನಿಷ್ಠವಾದ ಪ್ರಯೋಗ ನನಗೆ ಬೇರೆ ಕಂಡಿಲ್ಲ.

ಇಂಗ್ಲಿಷಿನ ‘ಥಗ್’ ಮತ್ತು ‘ಡಿಟೆಕ್ಟಿವ್’ ಒಂದೇ ಮೂಲದವು ಎನ್ನುವುದು ನಿಜವೇ?

ಹೌದು, ವ್ಯುತ್ಪತ್ತಿ ನಿಘಂಟುಗಳು ಸಾಮಾನ್ಯವಾಗಿ ಹಾಗೆಯೇ ಹೇಳುತ್ತವೆ. ಸಂಸ್ಕೃತದ ‘ಸ್ಥಗ್’, ಗ್ರೀಕಿನ ‘ಸ್ಟೆಗೈನ್’, ಲ್ಯಾಟಿನ್ನಿನ ‘ಟೆಗೆರೆ’ ಮೂರೂ ಮುಚ್ಚು ಎಂಬರ್ಥದ ಒಂದೇ ಇಂಡೋ ಯುರೋಪಿಯನ್ ಬೇರಿನ ಕವಲುಗಳು. ಲ್ಯಾಟಿನ್ ಕವಲಿನಿಂದ ‘ಟೋಗಾ’ ಎಂಬ ರೋಮನ್ನರ ಹೊದಿಕೆ ಬಂತು, ‘ಪ್ರೊಟೆಕ್ಟ್’ ಬಂತು. ಅದೇ ಕವಲಿನ ‘ಡಿಟೆಕ್ಟ್’ ಎಂದರೆ ಮುಚ್ಚಿದ್ದನ್ನು ತೆರೆಯುವುದು. ಮುಚ್ಚುವವನು ಠಕ್ಕ, ಆ ಮುಚ್ಚಳ ತೆಗೆಯುವವನು ಡಿಟೆಕ್ಟಿವ್. ಒಂದೇ ಬೇರು ಇಬ್ಬರಿಗೂ ಹೆಸರು ಕೊಟ್ಟಿದೆ.

ಹಾಗಿದ್ದರೆ ಠಗ್ ಎಂದರೆ ಕೊಲೆಗಾರ ಎಂಬ ಅರ್ಥ ಎಲ್ಲಿಂದ ಬಂತು?

ನಡುವೆ ಒಂದು ದೊಡ್ಡ ಚರಿತ್ರೆಯಿದೆ, ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

14ನೆಯ ಶತಮಾನದ ಇತಿಹಾಸಕಾರ ಜಿಯಾವುದ್ದೀನ್ ಬರನಿ ಠಗ್ಗರ ಪ್ರಸ್ತಾಪ ಮಾಡುತ್ತಾನೆ. ಸುಲ್ತಾನ ಜಲಾಲುದ್ದೀನ್ ಖಿಲ್ಜಿಯ ಕಾಲದಲ್ಲಿ ದೆಹಲಿಯಲ್ಲಿ ಕೆಲವು ಠಗ್ಗರು ಸಿಕ್ಕಿಬಿದ್ದರು. ಅವರಲ್ಲೊಬ್ಬನ ಮೂಲಕ ಸುಮಾರು ಸಾವಿರ ಮಂದಿಯ ಸುಳಿವು ಸಿಕ್ಕಿತು. ಸುಲ್ತಾನ ಒಬ್ಬನನ್ನೂ ಕೊಲ್ಲಿಸಲಿಲ್ಲ; ಎಲ್ಲರನ್ನೂ ದೋಣಿಗಳಲ್ಲಿ ತುಂಬಿಸಿ ಬಂಗಾಳದ ಲಖನೌತಿಯ ಕಡೆಗೆ ಸಾಗಹಾಕಿದ. ಬರನಿಯ ಈ ಮಾತುಗಳಲ್ಲಿ ಕುಣಿಕೆಯ ಸುದ್ದಿಯಿಲ್ಲ, ಕೊಲೆಯ ಸುದ್ದಿಯೂ ಇಲ್ಲ. ಅವರು ಬರೀ ಮೋಸಗಾರರಾಗಿದ್ದಿರಬಹುದು ಎನ್ನಲು ಅಡ್ಡಿಯೇನೂ ಇಲ್ಲ.

ಕೊಲೆಯ ಅರ್ಥ ಗಟ್ಟಿಯಾದದ್ದು 19ನೆಯ ಶತಮಾನದ ಆರಂಭದಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳ ಕಡತಗಳಲ್ಲಿ. ದಾರಿಹೋಕರ ಸ್ನೇಹ ಸಂಪಾದಿಸಿ, ಜೊತೆಯಲ್ಲಿ ಪ್ರಯಾಣಿಸಿ, ಕೊನೆಗೆ ಕತ್ತು ಬಿಗಿದು ಕೊಂದು ದೋಚುವ ಗುಂಪುಗಳಿಗೆ ಉತ್ತರದಲ್ಲಿ ಠಗ್ಗರು ಎಂಬ ಹೆಸರಿತ್ತು. ಕೊಲೆಗಾರರಾದರೂ ಜನ ಅವರನ್ನು ಕರೆದದ್ದು ಮೋಸಗಾರರೆಂದೇ. ಕತ್ತು ಬಿಗಿಯುವುದು ಒಂದು ಕ್ಷಣದ ಕೆಲಸ. ಅದಕ್ಕೆ ಮುಂಚಿನ ದಿನಗಟ್ಟಲೆಯ ಸ್ನೇಹವೇ ಅವರ ನಿಜವಾದ ಕಸುಬು.

ಈ ಚರಿತ್ರೆಯಲ್ಲಿ ಕರ್ನಾಟಕ ಎಲ್ಲಿ ಬರುತ್ತದೆ?

ಬಹುತೇಕ ಮೊದಲ ಪುಟದಲ್ಲೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಸ್ವಲ್ಪ ಕಾಲಕ್ಕೆ ಬೆಂಗಳೂರಿನ ಸುತ್ತಮುತ್ತ ಇಂಥ ಸುಮಾರು ನೂರು ಮಂದಿಯನ್ನು ಹಿಡಿದರು. ಬ್ರಿಟಿಷರ ಗಮನಕ್ಕೆ ಈ ಗುಂಪುಗಳು ಬಂದದ್ದೇ ಆಗ ಎಂದು ಅವರದೇ ಬರಹಗಳು ಹೇಳುತ್ತವೆ.

ಮದರಾಸಿನಲ್ಲಿದ್ದ ರಿಚರ್ಡ್ ಶೆರ್‌ವುಡ್ ಎಂಬ ವೈದ್ಯ 1816ರಲ್ಲಿ ಇವರ ಬಗ್ಗೆ ಒಂದು ಲೇಖನ ಬರೆದ. ದಕ್ಷಿಣದಲ್ಲಿ ಇವರಿಗೆ ‘ಫಾಂಸಿಗಾರ’ರು, ಅಂದರೆ ಕುಣಿಕೆಯವರು ಎಂಬ ಹೆಸರಿತ್ತು. ಆತ ಪ್ರತಿ ಭಾಷೆಯಲ್ಲೂ ಇವರನ್ನು ಏನೆನ್ನುತ್ತಾರೆಂದು ಪಟ್ಟಿ ಮಾಡುತ್ತ, ಕನ್ನಡದ ಹೆಸರನ್ನೂ ದಾಖಲಿಸಿದ್ದಾನೆ: ‘ತಂತಿ ಕಳ್ಳರು’. ತಂತಿ ಅಥವಾ ನರದ ಕುಣಿಕೆ ಬಳಸುವ ಕಳ್ಳರು ಎಂಬ ವಿವರಣೆಯೂ ಅಲ್ಲಿದೆ.

ಇದನ್ನು ಗಮನಿಸಬೇಕು. ಕನ್ನಡದಲ್ಲಿ ಠಕ್ಕ ಎಂಬ ಪದ ಕೈಗೆಟುಕುವಂತಿದ್ದರೂ ನಮ್ಮವರು ಈ ಕೊಲೆಗಡುಕರಿಗೆ ಅದನ್ನು ಕೊಡಲಿಲ್ಲ. ಅವರ ಸಲಕರಣೆ ನೋಡಿ ಬೇರೆಯೇ ಹೆಸರಿಟ್ಟರು. ಠಕ್ಕ ಮೋಸಗಾರನಾಗಿಯೇ ಉಳಿದ. ಕನ್ನಡದ ಠಕ್ಕನಿಗೆ ರಕ್ತದ ಕಲೆ ಅಂಟದಿರುವುದಕ್ಕೆ ಇದೂ ಒಂದು ಕಾರಣ ಎಂದು ನಾನು ನಂಬುತ್ತೇನೆ.

ಇನ್ನೊಂದು ಕೊಂಡಿ ಸುರಪುರದ್ದು. ಇಂಗ್ಲೆಂಡಿನ ಮನೆಮನೆಗೆ ಥಗ್ ಪದವನ್ನು ತಲುಪಿಸಿದ್ದು 1839ರಲ್ಲಿ ಬಂದ ‘ಕನ್ಫೆಷನ್ಸ್ ಆಫ್ ಎ ಥಗ್’ ಕಾದಂಬರಿ. ಅದರ ಕರ್ತೃ ಫಿಲಿಪ್ ಮೆಡೋಸ್ ಟೇಲರ್ ನಿಜಾಮನ ಸೇವೆಯಲ್ಲಿದ್ದವನು, ಆಮೇಲೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡು ಬಾಲಕ ದೊರೆ ವೆಂಕಟಪ್ಪ ನಾಯಕನ ಪಾಲಕನಾಗಿದ್ದವನು. ಸುರಪುರದಲ್ಲಿ ಅವನ ಬಂಗಲೆಯನ್ನು ಜನ ‘ಟೇಲರ್ ಮಂಜಿಲ್’ ಎಂದು ಈಗಲೂ ತೋರಿಸುತ್ತಾರೆ.

ಠಗ್ಗರು ಕೆಲಸ ಮಾಡುತ್ತಿದ್ದುದು ಹೇಗೆ?

ಸಿಕ್ಕಿಬಿದ್ದು ಮಾಫಿ ಸಾಕ್ಷಿಗಳಾದವರು ಕೊಟ್ಟ ವಿವರಗಳನ್ನು ಜಬಲ್ಪುರ ಭಾಗದ ಅಧಿಕಾರಿ ವಿಲಿಯಂ ಹೆನ್ರಿ ಸ್ಲೀಮನ್ ಬರೆದಿಟ್ಟ. 1836ರಲ್ಲಿ ಅವರ ಗುಪ್ತಭಾಷೆ ‘ರಾಮಸಿ’ಯ ಪದಕೋಶವನ್ನೂ ಪ್ರಕಟಿಸಿದ. ಅದರ ಪ್ರಕಾರ ಗುಂಪಿನಲ್ಲಿ ಕೆಲಸ ಹಂಚಿಕೆಯಾಗಿತ್ತು. ಕತ್ತು ಬಿಗಿಯುವವನು ‘ಭುರ್ತೋಟ್’, ಹೂಳಲು ಗುಂಡಿ ತೋಡುವವನು ‘ಲುಘಾ’. ಇವರಿಬ್ಬರಿಗಿಂತ ಮೊದಲು ಕಣಕ್ಕಿಳಿಯುತ್ತಿದ್ದವನು ‘ಸೋಠಾ’.

ಸೋಠಾನ ಆಯುಧ ನಾಲಿಗೆ. ಬಾವಿಕಟ್ಟೆಯಲ್ಲೋ ಧರ್ಮಶಾಲೆಯಲ್ಲೋ ಪ್ರಯಾಣಿಕರನ್ನು ಮಾತಿಗೆಳೆಯುತ್ತಿದ್ದ. ಎಲ್ಲಿಗೆ ಪ್ರಯಾಣ, ನಾವೂ ಅದೇ ದಾರಿ, ಮುಂದೆ ಕಾಡಿದೆ, ಕಳ್ಳರ ಕಾಟವಿದೆ, ಜೊತೆಯಾಗಿ ಹೋದರೆ ಕ್ಷೇಮ. ಮಾತೆಲ್ಲ ಇದೇ ಧಾಟಿಯದು. ಕಳ್ಳರ ಭಯ ಹುಟ್ಟಿಸುತ್ತಿದ್ದವರು ಕಳ್ಳರೇ. ಕೆಲವು ದಿನ ಒಟ್ಟಿಗೆ ನಡೆದು, ಒಟ್ಟಿಗೆ ಉಂಡು, ಕಥೆ ಹೇಳಿ ನಗಿಸಿದ ಮೇಲೆ ಒಂದು ತಂಗುದಾಣದಲ್ಲಿ ಯಾರೋ ‘ತಂಬಾಕು ತಿನ್ನಿ’ ಎನ್ನುತ್ತಿದ್ದರು. ಕೇಳುವವರಿಗೆ ಅದು ಉಪಚಾರದ ಮಾತು. ಗುಂಪಿನವರಿಗೆ ರುಮಾಲು ಬಿಗಿಯಲು ಸಂಕೇತ. ಆ ಸಂಕೇತದ ಹೆಸರು ‘ಝಿರ್ನಿ’.

ಕನ್ನಡದ ಅರ್ಥದಲ್ಲಿ ಹೇಳುವುದಾದರೆ ಆ ಇಡೀ ಗುಂಪಿನಲ್ಲಿ ಅಪ್ಪಟ ಠಕ್ಕನೆಂದರೆ ಆ ಸೋಠಾ.

ಇದೆಲ್ಲ ಬ್ರಿಟಿಷರು ಕಟ್ಟಿದ ಕಥೆ ಎಂದೂ ಕೇಳಿದ್ದೇವೆ?

ದಾರಿಯಲ್ಲಿ ಕೊಲೆ ಮಾಡಿ ದೋಚುವ ಗುಂಪುಗಳಿದ್ದದ್ದು ನಿಜ. ಆದರೆ ಇಡೀ ಭಾರತವನ್ನು ಆವರಿಸಿದ, ಕಾಳಿಯ ಹೆಸರಿನಲ್ಲಿ ಕೊಲ್ಲುವ, ಹುಟ್ಟಿನಿಂದಲೇ ಬರುವ ಒಂದೇ ರಹಸ್ಯ ಪಂಥ ಎಂಬ ಚಿತ್ರವನ್ನು ಇತಿಹಾಸಕಾರರು ಬಲವಾಗಿ ಪ್ರಶ್ನಿಸಿದ್ದಾರೆ. ಸಾಕ್ಷ್ಯದ ಬಹುಭಾಗ ಬಂದದ್ದು ಪ್ರಾಣ ಉಳಿಸಿಕೊಳ್ಳಲು ಮಾಫಿ ಸಾಕ್ಷಿಗಳಾದವರ ಬಾಯಿಂದ. ಕೇಳುವ ಅಧಿಕಾರಿಗೆ ಏನು ಬೇಕೆಂಬುದು ಹೇಳುವವನಿಗೆ ಗೊತ್ತಿತ್ತು. ಸೈನ್ಯ ವಿಸರ್ಜನೆಯಾಗಿ ಕೆಲಸ ಕಳೆದುಕೊಂಡವರು, ಬರಗಾಲಕ್ಕೆ ಸಿಕ್ಕ ರೈತರು, ಜಮೀನುದಾರರ ಆಶ್ರಯದಲ್ಲಿದ್ದ ಲೂಟಿಕೋರರು, ಹೀಗೆ ಹಲವು ಬಗೆಯ ಜನರನ್ನು ಒಂದೇ ಹೆಸರಿನ ಚೀಲಕ್ಕೆ ತುಂಬಿದ್ದು ಕಂಪನಿಗೆ ಅನುಕೂಲವೂ ಆಗಿತ್ತು.

ಕಾನೂನಿನಲ್ಲಿ ‘ಥಗ್’ ಎಂಬ ಪದ ಇತ್ತೇ?

ಇತ್ತು. 1836ರ ಕಾಯ್ದೆಯ ಪ್ರಕಾರ ಠಗ್ಗರ ಗುಂಪಿಗೆ ಸೇರಿದ್ದನೆಂದು ಸಾಬೀತಾದರೆ ಸಾಕು, ಕಠಿಣ ದುಡಿಮೆಯೊಂದಿಗೆ ಜೀವಾವಧಿ ಸೆರೆ. ಇಂಥದೇ ಕೊಲೆ ಮಾಡಿದ್ದಾನೆಂದು ತೋರಿಸಬೇಕಾಗಿರಲಿಲ್ಲ. 1860ರ ಭಾರತೀಯ ದಂಡ ಸಂಹಿತೆಯ 310ನೆಯ ಕಲಮು ಥಗ್ ಎಂದರೆ ಯಾರೆಂದು ವಿವರಿಸಿತು: ಕೊಲೆಯಿಂದ ಕೂಡಿದ ಸುಲಿಗೆ ಅಥವಾ ಮಕ್ಕಳ ಕಳವಿಗಾಗಿ ಇತರರೊಂದಿಗೆ ರೂಢಿಯಾಗಿ ಸೇರಿಕೊಂಡವನು. 311ನೆಯ ಕಲಮು ಶಿಕ್ಷೆಯದು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಈ ಎರಡೂ ಇಲ್ಲ.

ಕನ್ನಡದ ಠಕ್ಕನಿಗೆ ಸಲ್ಲುವ ಕಲಮು ಬೇರೆ. ಅದು ಎಲ್ಲರ ಬಾಯಲ್ಲಿರುವ 420. ಈಗ ಅದು ಹೊಸ ಸಂಹಿತೆಯ 318ನೆಯ ಕಲಮಿನೊಳಗೆ ಸೇರಿದೆ. ಆದರೂ ಜನ ‘ಅವನೊಬ್ಬ ಫೋರ್ ಟ್ವೆಂಟಿ’ ಎನ್ನುವುದನ್ನು ಬಿಡುವಂತೆ ಕಾಣುವುದಿಲ್ಲ.

ಒಂದು ಪದದ ಬಗ್ಗೆ ಇಷ್ಟು ಎಚ್ಚರ ಯಾಕೆ?

ಹೆಸರಿಡುವುದರಿಂದ ಮನುಷ್ಯರ ಬದುಕು ಹಾಳಾಗಿರುವುದಕ್ಕೆ. ಠಗ್ಗರ ದಮನದಲ್ಲಿ ಬೇರೂರಿದ ‘ಅಪರಾಧ ಹುಟ್ಟಿನಿಂದ ಬರುತ್ತದೆ’ ಎಂಬ ಯೋಚನೆಯೇ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಗೆ ದಾರಿ ಮಾಡಿತು. ಇಡೀ ಸಮುದಾಯಗಳನ್ನು ಅಪರಾಧಿಗಳೆಂದು ಪಟ್ಟಿ ಮಾಡಿ, ಹಾಜರಿ ಹಾಕಿಸಿ, ಬೇಲಿಯೊಳಗಿನ ವಸತಿಗಳಲ್ಲಿ ಇರಿಸಿದರು. ಹುಬ್ಬಳ್ಳಿಯಲ್ಲಿ ‘ಸೆಟ್ಲಮೆಂಟ್’ ಎಂಬ ಬಡಾವಣೆಯ ಹೆಸರು ಅಂಥ ವಸತಿಯಿಂದಲೇ ಬಂದದ್ದು. ಕಾಯ್ದೆ 1952ರಲ್ಲಿ ರದ್ದಾಯಿತು. ಆಗಸ್ಟ್ 31ನ್ನು ಆ ಸಮುದಾಯಗಳು ವಿಮುಕ್ತ ದಿನವೆಂದು ಆಚರಿಸುತ್ತವೆ. ಆದರೆ ‘ಗಂಟಿಚೋರ’ ಎಂಬಂಥ ಹೆಸರು ಇಂದಿಗೂ ಒಂದು ಸಮುದಾಯದ ಜಾತಿ ಪ್ರಮಾಣಪತ್ರದಲ್ಲಿದೆ. ಶಾಲೆಗೆ ಸೇರುವ ಮಗು ಆ ಹೆಸರನ್ನು ಹೊತ್ತು ಹೋಗಬೇಕು. ಠಕ್ಕತನ ಮನುಷ್ಯನೊಬ್ಬ ಮಾಡುವ ಕೃತ್ಯ. ಅದನ್ನು ಯಾವ ಜಾತಿಗೂ, ಊರಿಗೂ, ಕುಲಕ್ಕೂ ಅಂಟಿಸಿ ಬರೆಯಬೇಡಿ.

ಇಂಗ್ಲಿಷಿನಲ್ಲಿ ಅರ್ಥ ಹೇಗೆ ಬದಲಾಯಿತು?

ಬೇಗ ಬದಲಾಯಿತು. ಇಂಗ್ಲಿಷ್ ಓದುಗರಿಗೆ ಮೂಲ ಕ್ರಿಯಾಪದ ಗೊತ್ತಿರಲಿಲ್ಲ, ಕೊಲೆಯ ಕಥೆ ಮಾತ್ರ ಗೊತ್ತಿತ್ತು. ಹಾಗಾಗಿ ಮೋಸ ಸೋರಿಹೋಗಿ ಹಿಂಸೆ ಉಳಿಯಿತು. ಇಂದು ಇಂಗ್ಲಿಷಿನ ಥಗ್ ಎಂದರೆ ಒರಟ, ಹೊಡೆದು ಬಡಿಯುವವನು. ಅವನಿಗೆ ಜಾಣತನದ ಅಗತ್ಯವೇ ಇಲ್ಲ. ಅಮೆರಿಕದಲ್ಲಿ ಕಪ್ಪು ಯುವಕರನ್ನು ಹೀಗಳೆಯಲು ಈ ಪದ ಬಳಕೆಯಾಗುವುದರ ಬಗ್ಗೆ ದೊಡ್ಡ ವಾಗ್ವಾದಗಳೇ ನಡೆದಿವೆ. ಉಚ್ಚಾರವೂ ಬದಲಾಗಿ ‘ಠ’ ಹೋಯಿತು, ಅದನ್ನು ನಾವು ‘ಥ’ ಎಂದು ಮರಳಿ ಬರೆದುಕೊಂಡೆವು.

ಇಂದಿನ ಡಿಜಿಟಲ್ ವಂಚನೆಗೆ ಠಕ್ಕತನ ಎನ್ನಬಹುದೇ?

ಅದಕ್ಕಿಂತ ಸರಿಯಾದ ಪದವಿಲ್ಲ. ‘ಡಿಜಿಟಲ್ ಅರೆಸ್ಟ್’ ಪ್ರಕರಣಗಳನ್ನೇ ನೋಡಿ. ವಿಡಿಯೊ ಕರೆಯಲ್ಲಿ ಸಮವಸ್ತ್ರ ತೊಟ್ಟವನೊಬ್ಬ, ಹಿಂದೆ ಠಾಣೆಯಂತೆ ಕಾಣುವ ಗೋಡೆ. ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆ ಎನ್ನುತ್ತಾನೆ. ಹೆದರಿಸುವುದು ಒಬ್ಬ, ‘ನಾನು ನಿಮ್ಮನ್ನು ಇದರಿಂದ ಪಾರು ಮಾಡುತ್ತೇನೆ’ ಎಂದು ಸಮಾಧಾನ ಹೇಳುವುದು ಇನ್ನೊಬ್ಬ. ಕೊನೆಗೆ ಹಣ ಕಳಿಸುವುದು ನೀವೇ, ನಿಮ್ಮದೇ ಮೊಬೈಲಿನಿಂದ. ಮುಂದೆ ಕಳ್ಳರಿದ್ದಾರೆ, ಜೊತೆಗೆ ಬನ್ನಿ ಎಂದ ಸೋಠಾನ ಮಾತಿಗೂ ಇದಕ್ಕೂ ಏನೇನೂ ವ್ಯತ್ಯಾಸವಿಲ್ಲ. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ. ಇಂಥ ಕರೆಗೆ ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಮೋಸ ಹೋದವರನ್ನು ದಡ್ಡರೆಂದು ನಗುವುದನ್ನೂ ನಿಲ್ಲಿಸಬೇಕು. ಓದಿದವರು, ನಿವೃತ್ತ ಅಧಿಕಾರಿಗಳು, ಎಂಜಿನಿಯರುಗಳು ಎಲ್ಲರೂ ಇದಕ್ಕೆ ಸಿಕ್ಕಿದ್ದಾರೆ. ಠಕ್ಕ ಬಳಸಿಕೊಳ್ಳುವುದು ಮನುಷ್ಯರ ನಂಬಿಕೆಯನ್ನು, ದಡ್ಡತನವನ್ನಲ್ಲ.

ಅನುವಾದ ಮಾಡುವಾಗ ‘ಥಗ್’ ಎಂಬುದಕ್ಕೆ ಏನು ಬರೆಯಬೇಕು?

ಸಂದರ್ಭ ನೋಡಿ. ಇಂದಿನ ಇಂಗ್ಲಿಷ್ ಸುದ್ದಿಯಲ್ಲಾದರೆ ಗೂಂಡಾ, ಪುಂಡ, ರೌಡಿ. ಠಕ್ಕ ಖಂಡಿತ ಬೇಡ. 19ನೆಯ ಶತಮಾನದ ಚರಿತ್ರೆಯಾದರೆ ‘ಠಗ್ಗರು’ ಎಂದು ಬರೆದು, ಮೈಸೂರು ಸೀಮೆಯ ಪ್ರಸಂಗ ಬಂದಲ್ಲಿ ‘ತಂತಿ ಕಳ್ಳರು’ ಎಂಬ ನಮ್ಮದೇ ಹೆಸರನ್ನು ಬಳಸಿ. ಹಿಂದಿಯಿಂದ ಅನುವಾದಿಸುವಾಗ ‘ಠಗ್’ ಬಂದರೆ ಹತ್ತರಲ್ಲಿ ಒಂಬತ್ತು ಸಲ ಠಕ್ಕ ಅಥವಾ ಮೋಸಗಾರ ಎಂದರೆ ಸರಿಹೋಗುತ್ತದೆ.